‘ಆಬ್ರೆ ಲೋಸ್ ಓಹೋಸ್’ ಎದುರು ‘ವೆನಿಲ್ಲಾ ಸ್ಕೈ’: ನನ್ನ ವೋಟು ಮ್ಯಾಡ್ರಿಡ್‌ಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಸ್ಪ್ಯಾನಿಷ್ ಚಿತ್ರ. ಅಲೆಹಾಂದ್ರೊ ಅಮೆನಾಬಾರ್ 1997ರಲ್ಲಿ ಮಾಡಿದ ‘ಆಬ್ರೆ ಲೋಸ್ ಓಹೋಸ್’, ಅದನ್ನೇ ಕ್ಯಾಮರೂನ್ ಕ್ರೋ 2001ರಲ್ಲಿ ಟಾಮ್ ಕ್ರೂಸ್‌ನನ್ನು ಹಾಕಿಕೊಂಡು ಇಂಗ್ಲಿಷಿಗೆ ತಂದ ‘ವೆನಿಲ್ಲಾ ಸ್ಕೈ’, ಎರಡನ್ನೂ ಒಂದರ ಹಿಂದೆ ಒಂದು ನೋಡಿದೆ. ಇಂಗ್ಲಿಷಿನದು ಬಾಡಿಗೆಗೆ ಸಿಕ್ಕಿತು. ಟೀವಿ ಹಾಕಿ ಬಟನ್ ಒತ್ತಿದರೆ ಆಯಿತು. ಸ್ಪ್ಯಾನಿಷ್‌ನದಕ್ಕೆ ಡಿವಿಡಿಯನ್ನೇ ಕೊಳ್ಳಬೇಕಾಯಿತು, ಅದೂ ಸ್ಪೇನಿನಿಂದ ಬರುತ್ತಿದ್ದ ಪರಿಚಯದವರ ಕೈಲಿ ತರಿಸಿ. ಆ ಡಿವಿಡಿ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಆದರೂ ನನ್ನ ಶೆಲ್ಫಿನಲ್ಲಿ ಈಗ ಉಳಿದಿರುವುದು ಅದೇ.

ಕಥೆ ಎರಡರದ್ದೂ ಒಂದೇ. ದುಡ್ಡು, ರೂಪ ಎರಡೂ ಇರುವ ಹುಡುಗ. ಗೆಳೆಯನ ಜೊತೆ ಪಾರ್ಟಿಗೆ ಬಂದವಳ ಮೇಲೆ ಅವನಿಗೆ ಮನಸ್ಸಾಗುತ್ತದೆ. ಹಳೆಯ ಹುಡುಗಿ ಅವನನ್ನು ಕಾರಿಗೆ ಹತ್ತಿಸಿಕೊಂಡು ಹೋಗಿ ಬೇಕೆಂದೇ ಅಪಘಾತ ಮಾಡುತ್ತಾಳೆ, ಅವನ ಮುಖ ಹಾಳಾಗುತ್ತದೆ. ಆಮೇಲೆ ಯಾವುದು ಕನಸು, ಯಾವುದು ನಿಜ ಎಂದು ಅವನಿಗೂ ತಿಳಿಯದು, ನಮಗೂ ತಿಳಿಯದು. ಕೊನೆಯನ್ನು ಪೂರ್ತಿ ಬಿಚ್ಚುವುದಿಲ್ಲ, ಆದರೆ ಅಲ್ಲಲ್ಲಿ ಸುಳಿವು ಬಿದ್ದೀತು. ನೋಡದವರು ಎಚ್ಚರ.

ಇಬ್ಬರ ರುಚಿ ಎಷ್ಟು ಬೇರೆ ಎಂಬುದು ಖಾಲಿ ಬೀದಿಯ ದೃಶ್ಯದಲ್ಲೇ ಗೊತ್ತಾಗುತ್ತದೆ. ಸ್ಪ್ಯಾನಿಷ್ ಚಿತ್ರದ ನಾಯಕ ಸೆಸಾರ್ ಬೆಳಿಗ್ಗೆ ಎದ್ದು ಕಾರು ತೆಗೆದುಕೊಂಡು ಹೊರಟರೆ ಮ್ಯಾಡ್ರಿಡ್‌ನ ಗ್ರಾನ್ ವಿಯಾದಲ್ಲಿ ನರಪಿಳ್ಳೆ ಇಲ್ಲ. ಸದಾ ಗಿಜಿಗುಡುವ ರಸ್ತೆ ಅದು. ಬೆಳಗಿನ ಸಪ್ಪೆ ಬೆಳಕು, ಮುಚ್ಚಿದ ಅಂಗಡಿಗಳು, ಅಷ್ಟೇ. ನ್ಯೂಯಾರ್ಕಿನವರು ಇದನ್ನೇ ಟೈಮ್ಸ್ ಸ್ಕ್ವೇರ್‌ನಲ್ಲಿ ತೆಗೆದಿದ್ದಾರೆ. ನಿಜವಾಗಿಯೂ ಆ ಜಾಗವನ್ನು ಖಾಲಿ ಮಾಡಿಸಿ ತೆಗೆದದ್ದು, ಸಾಹಸವೇ ಸರಿ. ಆದರೆ ಅಲ್ಲಿ ಜನ ಇಲ್ಲದಿದ್ದರೂ ಜಾಹೀರಾತುಗಳು ಮಿನುಗುತ್ತಲೇ ಇರುತ್ತವೆ, ಸಂಗೀತ ಕಿವಿಗೆ ಬಡಿಯುತ್ತದೆ, ಕ್ರೂಸ್ ಓಡುತ್ತಾನೆ, ಕೂಗುತ್ತಾನೆ. ನೋಡಿ ಬೆರಗಾದೆ, ಹೆದರಲಿಲ್ಲ. ಗ್ರಾನ್ ವಿಯಾದಲ್ಲಿ ಹೆದರಿದೆ.

ಇನ್ನು ಡಿವಿಡಿಯ ಪುರಾಣ. ಡಿವಿಡಿಗಳಿಗೆ ಜಗತ್ತನ್ನು ರೀಜನ್‌ಗಳಾಗಿ ಹಂಚಿದ್ದಾರೆ, ಒಂದರ ಡಿಸ್ಕು ಇನ್ನೊಂದರ ಪ್ಲೇಯರಿನಲ್ಲಿ ಸಾಮಾನ್ಯವಾಗಿ ಓಡದು. ಸ್ಪೇನ್ ಎರಡನೇ ರೀಜನ್, ಭಾರತ ಐದನೆಯದು. ಹಾಗಾಗಿ ಮನೆಯ ಪ್ಲೇಯರ್ ಅದನ್ನು ಮುಟ್ಟಲೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಎಂಬ ವಿಡಿಯೋ ಸಾಫ್ಟ್‌ವೇರ್ ಒಪ್ಪಿಕೊಂಡಿತು. ಆದರೆ ಡಿಸ್ಕಿನಲ್ಲಿ ಇಂಗ್ಲಿಷ್ ಸಬ್‌ಟೈಟಲ್ಲೇ ಇಲ್ಲ! ಬೇರೆ ಕಡೆಯಿಂದ ಸಬ್‌ಟೈಟಲ್ ಫೈಲ್ ತಂದು ಜೋಡಿಸಿದರೆ ಮಾತು ಮೊದಲು, ಅಕ್ಷರ ಆಮೇಲೆ. ಕೀಬೋರ್ಡಿನ ಜಿ ಮತ್ತು ಎಚ್ ಒತ್ತಿ ಹಿಂದೆಮುಂದೆ ಮಾಡಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ತಪ್ಪಿತು. ಮತ್ತೆ ಕೂರಿಸಿದೆ, ಮತ್ತೆ ತಪ್ಪಿತು.

ಬೇರೆ ಚಿತ್ರವಾಗಿದ್ದರೆ ಹೇಗೋ ಸಹಿಸಬಹುದಿತ್ತು. ಇದರಲ್ಲಿ ಒಂದು ಬಾರ್ ದೃಶ್ಯ ಇದೆ. ಅಪರಿಚಿತನೊಬ್ಬ ಬಂದು, ಇದೆಲ್ಲ ನಿನ್ನ ಕನಸೇ, ಇಲ್ಲಿ ನೀನು ಹೇಳಿದಂತೆ ನಡೆಯುತ್ತದೆ ಎನ್ನುತ್ತಾನೆ. ಸೆಸಾರ್ ರೇಗಿ, ಇವರೆಲ್ಲ ಬಾಯಿ ಮುಚ್ಚಲಿ ಎನ್ನುತ್ತಾನೆ. ಇಡೀ ಬಾರ್ ಗಪ್‌ಚಿಪ್. ಮೈ ಜುಮ್ಮೆನ್ನಬೇಕಾದ ಕ್ಷಣ. ನನ್ನ ಪರದೆಯ ಮೇಲೆ ಮೊದಲು ಬಾರ್ ಸುಮ್ಮನಾಯಿತು, ಸುಮ್ಮನಾಗಿ ಅಂದದ್ದು ಆಮೇಲೆ ಬಂತು. ಕೋಳಿ ಕೂಗುವ ಮೊದಲೇ ಬೆಳಗಾದ ಹಾಗೆ. ದೃಶ್ಯದ ಜೀವವೇ ಹೋಯಿತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಇಷ್ಟು: ಸಿನಿಮಾ ಸೆಕೆಂಡಿಗೆ 24 ಫ್ರೇಮು, ಯುರೋಪಿನ ಟೀವಿ ಪದ್ಧತಿಯಾದ ಪಾಲ್‌ಗೆ (PAL) ಮಾಡಿದ ಡಿಸ್ಕು 25. ಅಂದರೆ ಇಡೀ ಚಿತ್ರ ಶೇಕಡಾ 4ರಷ್ಟು ಬೇಗ ಓಡುತ್ತದೆ. ಸಬ್‌ಟೈಟಲ್ ಫೈಲ್ 24ಕ್ಕೆ ಮಾಡಿದ್ದು. ನಿಮಿಷಕ್ಕೆ ಎರಡು ಸೆಕೆಂಡಿಗೂ ಹೆಚ್ಚು ಹಿಂದೆ ಬೀಳುತ್ತಾ ಹೋಗುವಾಗ ಹಿಂದೆಮುಂದೆ ಮಾಡಿ ಏನು ಪ್ರಯೋಜನ, ಫೈಲಿನ ವೇಗವನ್ನೇ ಬದಲಿಸಬೇಕು. ‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫ್ರೇಮ್ ರೇಟ್ ಬದಲಿಸುವ ಆಯ್ಕೆ ಇದೆ, ಅಲ್ಲಿ ಸರಿಯಾಯಿತು. ಯುರೋಪಿನ ಡಿಸ್ಕ್ ತರಿಸುವವರು ಇದನ್ನು ಮೊದಲೇ ಮಾಡಿಟ್ಟುಕೊಳ್ಳಿ. ಬಾರ್ ದೃಶ್ಯ ಆಮೇಲೆ ನೋಡಿದರೆ, ಅಬ್ಬಾ.

ನಟರ ವಿಷಯ. ಪೆನೆಲೊಪೆ ಕ್ರೂಸ್ ಎರಡರಲ್ಲೂ ಇದ್ದಾಳೆ, ಎರಡರಲ್ಲೂ ಸೋಫಿಯಾಳೇ, ಅಂದರೆ ನಾಯಕ ಪಾರ್ಟಿಯಲ್ಲಿ ಮನಸೋಲುವ ಹುಡುಗಿ. ಒಂದು ಮುಖ ಇನ್ನೊಂದಾಗುವ ಕಥೆಯಲ್ಲಿ ಅದೇ ಮುಖ ಬೇರೆ ಭಾಷೆಯಲ್ಲಿ ಎದುರಾದರೆ ತಲೆ ತಿರುಗುತ್ತದೆ, ಆ ಮಜಾ ಎರಡನ್ನೂ ನೋಡಿದವರಿಗೆ ಮಾತ್ರ. ಮ್ಯಾಡ್ರಿಡ್‌ನ ಸೋಫಿಯಾ ಮುಖಕ್ಕೆ ಬಿಳಿ ಬಳಿದುಕೊಂಡು ಪಾರ್ಕಿನಲ್ಲಿ ಮೂಕಾಭಿನಯ ಮಾಡುವವಳು. ಮುಖವಾಡ ಹಾಕಿಕೊಂಡ ಸೆಸಾರ್‌ಗೆ ಎದುರಾಗಿ ಆ ಬಿಳಿ ಮುಖ! ಇದನ್ನು ಯಾಕೆ ಕೈಬಿಟ್ಟು ಅವಳನ್ನು ನ್ಯೂಯಾರ್ಕಿನಲ್ಲಿ ಡ್ಯಾನ್ಸರ್ ಮಾಡಿದರೋ. ಹಳೆಯ ಹುಡುಗಿಯ ಪಾತ್ರದಲ್ಲಿ ಮಾತ್ರ ಕ್ಯಾಮರೂನ್ ಡಿಯಾಜ್‌ಗೆ ನನ್ನ ಅಂಕ ಹೆಚ್ಚು. ಕಾರಿನೊಳಗೆ ಅವಳ ನಗು, ಅಳು ಎರಡೂ ಸೇರಿ ಹೊಟ್ಟೆ ಹಿಂಡುತ್ತದೆ. ಸ್ಪ್ಯಾನಿಷ್‌ನಲ್ಲಿ ಅದೇ ಪಾತ್ರ ಮಾಡಿದ ನಜ್ವಾ ನಿಮ್ರಿ ತಣ್ಣಗೆ ಹೆದರಿಸುತ್ತಾಳೆ, ಅಯ್ಯೋ ಅನ್ನಿಸುವುದಿಲ್ಲ.

ಹಾಡು ಬೇಕೆನ್ನುವವರಿಗೆ ‘ವೆನಿಲ್ಲಾ ಸ್ಕೈ’. ರೇಡಿಯೋಹೆಡ್, ಡಿಲನ್, ಮೆಕಾರ್ಟ್ನಿ ಎಲ್ಲರೂ ಇದ್ದಾರೆ.

ಕೊನೆಯ ಭಾಗದಲ್ಲಿ ಇಂಗ್ಲಿಷಿನದು ವಿವರಣೆಗೆ ಬೀಳುತ್ತದೆ. ನಾಯಕ ಇಷ್ಟಪಟ್ಟ ಆಲ್ಬಂ ಕವರು, ಚಿತ್ರಪಟ, ಎಲ್ಲೆಲ್ಲಿಂದ ಏನೇನು ಬಂತು ಎಂದು ಬಿಡಿಸಿಡುತ್ತದೆ. ಸ್ಪ್ಯಾನಿಷ್‌ನಲ್ಲೂ ವಿವರಣೆ ಇಲ್ಲವೆಂದಲ್ಲ. 157 ಮೀಟರ್ ಎತ್ತರದ ತೊರ್ರೆ ಪಿಕಾಸೊ ಕಟ್ಟಡದ ಮಾಳಿಗೆಯ ಮೇಲೆ ನಿಂತು ಬೇಕಾದಷ್ಟು ಮಾತಾಡುತ್ತಾರೆ. ಆದರೆ ಪಕ್ಕದಲ್ಲೇ ಸೆಸಾರ್‌ನ ಮನೋವೈದ್ಯ, ನಾನು ನಿಜವಾದ ಮನುಷ್ಯ ಕಣೋ ಎಂದು ಒದ್ದಾಡುತ್ತಿರುತ್ತಾನೆ. ಅವನನ್ನು ನಂಬಬೇಕೋ ಬೇಡವೋ ನನಗಿನ್ನೂ ತೀರ್ಮಾನವಾಗಿಲ್ಲ.

ನಾನು ಸಿನಿಮಾ ನೋಡುವುದು ಮನೆಯವರೆಲ್ಲ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು, ಮಾರನೇ ದಿನ ಆಫೀಸು ಇಟ್ಟುಕೊಂಡು. ಎರಡು ಗಂಟೆಯೊಳಗೆ ಮುಗಿಯುವ ಸ್ಪ್ಯಾನಿಷ್ ಚಿತ್ರ ಅದಕ್ಕೆ ಹೊಂದುತ್ತದೆ, 136 ನಿಮಿಷದ ‘ವೆನಿಲ್ಲಾ ಸ್ಕೈ’ ಹೊಂದುವುದಿಲ್ಲ. ದುಡ್ಡಿನ ಲೆಕ್ಕದಲ್ಲಿ ಡಿವಿಡಿ ಬಾಡಿಗೆಗಿಂತ ಬಹಳ ದುಬಾರಿ ಬಿತ್ತು. ಒಂದೇ ಸಲ ನೋಡಿ ಬಿಡುವವರು ಬಾಡಿಗೆಯದನ್ನೇ ನೋಡಿ, ನಷ್ಟವಿಲ್ಲ. ಎರಡನ್ನೂ ನೋಡುವ ಮನಸ್ಸಿದ್ದರೆ ಮಾತ್ರ ಮೊದಲು ಸ್ಪ್ಯಾನಿಷ್‌ನದು ನೋಡಿ, ಇಂಗ್ಲಿಷಿನವರು ಬಿಡಿಸಿಟ್ಟ ಗುಟ್ಟುಗಳು ಅಲ್ಲಿಯವರೆಗೆ ಕಾಯಲಿ.