ಉಪ್ಪುಗಾಳಿ, ಅಡಿಕೆ ತೋಟ ಮತ್ತು ಮೂರು ಮಡಚು ಚಾಕು: ನಾಲ್ಕು ಮಳೆಗಾಲದ ನಂತರ

ಚಾಕು ಕೊಳ್ಳುವ ಮೊದಲು ನಾನೂ ಎಲ್ಲರ ಹಾಗೆ ಯೂಟ್ಯೂಬ್ ನೋಡಿದೆ. ಕಾಗದ ಕೊಯ್ದು ತೋರಿಸುತ್ತಾರೆ, ಹಗ್ಗ ಕೊಯ್ದು ತೋರಿಸುತ್ತಾರೆ, ಹರಿತ ಎಷ್ಟು ಹೊತ್ತು ನಿಂತಿತು ಅಂತ ಲೆಕ್ಕ ಇಡುತ್ತಾರೆ. ಆದರೆ ಕಾರವಾರದಲ್ಲಿ, ಸಮುದ್ರದಿಂದ ಅರ್ಧ ಕಿಲೋಮೀಟರ್ ದೂರದ ಮನೆಯಲ್ಲಿ, ಬೆವರಿದ ಪ್ಯಾಂಟಿನ ಕಿಸೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಗಾಳಿಯಲ್ಲಿ ಆ ಚಾಕು ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಪಂಪ್‌ಸೆಟ್ ಮತ್ತು ಸೋಲಾರ್ ಜೋಡಿಸುವ ಕೆಲಸ. ಕಾರವಾರ, ಅಂಕೋಲಾ ಕಡೆ ಓಡಾಟ, ಆಗಾಗ ಬೈತಖೋಲ ಬಂದರಿನಲ್ಲಿ ದೋಣಿಯವರ ಬ್ಯಾಟರಿ, ಲೈಟಿನ ಕೆಲಸ. ದಿನಕ್ಕೆ ಇಪ್ಪತ್ತು ಸಲ ಚಾಕು ಬೇಕು. ಕೇಬಲ್ ಸಿಪ್ಪೆ ತೆಗೆಯಲು, ರಟ್ಟಿನ ಪೆಟ್ಟಿಗೆ ಬಿಚ್ಚಲು, ಪ್ಲಾಸ್ಟಿಕ್ ಪಟ್ಟಿ ಕತ್ತರಿಸಲು. ತಿಂಗಳಿಗೆ ಎರಡು ಸಲ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಹತ್ತಿರದ ನಮ್ಮ ತೋಟಕ್ಕೆ ಹೋಗುತ್ತೇನೆ. ಅಲ್ಲಿ ಕೆಲಸವೇ ಬೇರೆ.

2021ರ ಕೊನೆಯಲ್ಲಿ ಅಮೆರಿಕದಿಂದ ಬಂದ ಚಿಕ್ಕಪ್ಪನ ಮಗ ಮೂರು ಚಾಕು ತಂದುಕೊಟ್ಟ. ಕ್ರಿಸ್ ರೀವ್ ಕಂಪನಿಯ ಸ್ಮಾಲ್ ಸೆಬೆಂಜಾ 31, ಅದರ ಅಲಗು ಎಸ್45ವಿಎನ್ ಉಕ್ಕಿನದು. ಬೆಂಚ್‌ಮೇಡ್ ಮಿನಿ ಬಗೌಟ್, ಎಸ್30ವಿ ಉಕ್ಕು. ಸ್ಪೈಡರ್ಕೊ ಡ್ರ್ಯಾಗನ್‌ಫ್ಲೈ 2 ಸಾಲ್ಟ್, ಎಚ್-1 ಉಕ್ಕು. ಸೆಬೆಂಜಾ ಒಂದಕ್ಕೇ ಸುಮಾರು 350 ಡಾಲರ್, ಆಗಿನ ಲೆಕ್ಕದಲ್ಲಿ 26 ಸಾವಿರ ರೂಪಾಯಿ. ಬಹಳ ದಿನ ಯೋಚಿಸಿ, ದುಡ್ಡು ಕೂಡಿಟ್ಟು ತರಿಸಿದ್ದು.

ಇವುಗಳಿಗಿಂತ ಮೊದಲು ನನ್ನ ಹತ್ತಿರ ಇನ್ನೊಂದು ಚಾಕು ಇತ್ತು. ಕಂಪನಿಯ ಹೆಸರು ಬೇಡ. ಅಲಗು ಹೊಳೆಯುತ್ತಿತ್ತು, ಎಲ್ಲೂ ಒಂದು ಚುಕ್ಕೆ ಇರಲಿಲ್ಲ. ಒಂದು ಆಗಸ್ಟ್‌ನಲ್ಲಿ ತೆರೆಯಲು ಹೋದರೆ ಗರಗರ ಅಂದಿತು. ಬಿಚ್ಚಿ ನೋಡಿದರೆ ಹಿಡಿಯ ಒಳಗಿನ ಉಕ್ಕಿನ ತಗಡು ಪೂರ್ತಿ ಕೆಂಪಗಾಗಿತ್ತು. ಒಂದು ಸ್ಕ್ರೂವಿನ ತಲೆ ತಿರುಗಿಸುವಾಗಲೇ ಮುರಿದು ಕೈಗೆ ಬಂತು. ತುಕ್ಕು ಕಣ್ಣಿಗೆ ಕಾಣುವ ಕಡೆಯಿಂದ ಶುರುವಾಗುವುದಿಲ್ಲ, ನೀರು ನಿಲ್ಲುವ ಸಂದಿಯಿಂದ ಶುರುವಾಗುತ್ತದೆ. ಆವತ್ತಿನಿಂದ ಅಲಗು ಯಾವ ಉಕ್ಕು ಅಂತ ಕೇಳುವ ಮೊದಲು ಹಿಡಿಯ ಒಳಗೆ ಏನಿದೆ ಅಂತ ಕೇಳುತ್ತೇನೆ.

ಕರಾವಳಿಗೆ ಡ್ರ್ಯಾಗನ್‌ಫ್ಲೈ ಸರಿ ಅನಿಸಿದ್ದು ಇದೇ ಕಾರಣಕ್ಕೆ. ಜಪಾನಿನ ಸೆಕಿ ಊರಿನಲ್ಲಿ ತಯಾರಾಗುತ್ತದೆ, ಆ ಊರು ನೂರಾರು ವರ್ಷಗಳಿಂದ ಕತ್ತಿ ಮಾಡುವುದಕ್ಕೇ ಹೆಸರಾದದ್ದು. ಅಲಗು 58 ಮಿಲಿಮೀಟರ್, ತೂಕ 34 ಗ್ರಾಂ. ಹಿಡಿ ನಾರು ಬೆರೆಸಿದ ಪ್ಲಾಸ್ಟಿಕ್, ಒಳಗೆ ಉಕ್ಕಿನ ತಗಡೇ ಇಲ್ಲ. ಎಚ್-1 ಉಕ್ಕಿನ ಗುಟ್ಟು ಏನೆಂದರೆ ಅದರಲ್ಲಿ ಇಂಗಾಲ ತುಂಬಾ ಕಡಿಮೆ, ಆ ಜಾಗದಲ್ಲಿ ಸಾರಜನಕ ಸೇರಿಸಿದ್ದಾರೆ. ಮಾಮೂಲಿ ಸ್ಟೇನ್‌ಲೆಸ್ ಉಕ್ಕಿನಲ್ಲಿ ಇಂಗಾಲ ಸ್ವಲ್ಪ ಕ್ರೋಮಿಯಂ ಅನ್ನು ತನ್ನ ಜೊತೆ ಕಟ್ಟಿಕೊಂಡುಬಿಡುತ್ತದೆ, ತುಕ್ಕು ತಡೆಯಲು ಉಳಿಯುವ ಕ್ರೋಮಿಯಂ ಅಷ್ಟು ಕಡಿಮೆಯಾಗುತ್ತದೆ. ಉಪ್ಪು ಅಂಥ ಜಾಗ ಹುಡುಕಿಕೊಂಡೇ ಬಂದು ತಿನ್ನುತ್ತದೆ. ಎಚ್-1ನಲ್ಲಿ ಅದಕ್ಕೆ ಅವಕಾಶ ಕಡಿಮೆ.

ಮಾತು ಬೇಡ, ಆದದ್ದನ್ನು ಹೇಳುತ್ತೇನೆ. 2023ರ ಜುಲೈನಲ್ಲಿ ಬಂದರಿನಲ್ಲಿ ಒಬ್ಬರ ದೋಣಿಯ ವೈರಿಂಗ್ ಮುಗಿಸಿ ಬಂದವನು ಚಾಕುವನ್ನು ಒದ್ದೆ ಚೀಲದಲ್ಲೇ ಮರೆತೆ. ಚೀಲದ ತಳದಲ್ಲಿ ಉಪ್ಪುನೀರು ನಿಂತಿತ್ತು. ಒಂದು ವಾರದ ನಂತರ ತೆಗೆದರೆ ಅದೇ ಚೀಲದಲ್ಲಿದ್ದ ಇಕ್ಕಳ ಕಚ್ಚಿಕೊಂಡು ತೆರೆಯದ ಹಾಗಾಗಿತ್ತು. ಚಾಕುವನ್ನು ನಲ್ಲಿ ಕೆಳಗೆ ಹಿಡಿದೆ, ಒರೆಸಿದೆ, ಅಷ್ಟೇ. ನೈಲಾನ್ ಬಲೆ, ಹಗ್ಗ, ಬಂಗುಡೆ, ನಿಂಬೆಹಣ್ಣು ಎಲ್ಲ ಕೊಯ್ದಿದ್ದೇನೆ. ಇವತ್ತಿಗೂ ಒಂದು ಚುಕ್ಕೆ ಇಲ್ಲ.

ಆದರೆ ಈ ಉಕ್ಕಿಗೆ ಹರಿತ ಬೇಗ ಇಳಿಯುತ್ತದೆ. ರಟ್ಟು ಜಾಸ್ತಿ ಕೊಯ್ದ ದಿನ ಸಂಜೆಗೇ ಗೊತ್ತಾಗುತ್ತದೆ, ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆ. ಇದು ನನಗೆ ದೊಡ್ಡ ವಿಷಯ ಆಗಲೇ ಇಲ್ಲ. ಪಿಂಗಾಣಿ ಕಡ್ಡಿಯ ಮೇಲೆ ಹತ್ತು ಸಲ ಎಳೆದರೆ ಮತ್ತೆ ಬಾಯಿ ಬರುತ್ತದೆ, ಎರಡು ನಿಮಿಷದ ಕೆಲಸ. ಮಸೆದರೆ ಹರಿತ ವಾಪಸ್ ಬರುತ್ತದೆ, ತುಕ್ಕು ತಿಂದ ಉಕ್ಕು ವಾಪಸ್ ಬರುವುದಿಲ್ಲ ಅಲ್ವಾ?

ಇನ್ನು ಸೆಬೆಂಜಾ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ಕ್ರಿಸ್ ರೀವ್ ಮೂಲತಃ ದಕ್ಷಿಣ ಆಫ್ರಿಕಾದವರು, ಆಮೇಲೆ ಅಮೆರಿಕದ ಐಡಾಹೊಗೆ ಹೋಗಿ ನೆಲೆಸಿದರು. ಸೆಬೆಂಜಾ ಅಂದರೆ ಝುಲು ಭಾಷೆಯಲ್ಲಿ ಕೆಲಸ. ಅಲಗು 76 ಮಿಲಿಮೀಟರ್, ಹಿಡಿ ಎರಡೂ ಕಡೆ ಟೈಟಾನಿಯಂ. ಬೀಗಕ್ಕೆ ಬೇರೆ ತುಂಡು ಇಲ್ಲ. ಹಿಡಿಯ ಒಂದು ಹೋಳನ್ನೇ ಉದ್ದಕ್ಕೆ ಸೀಳಿದ್ದಾರೆ, ಚಾಕು ತೆರೆದ ಕೂಡಲೇ ಆ ಸೀಳು ಒಳಗೆ ಸರಿದು ಅಲಗಿನ ಹಿಂದೆ ನಿಲ್ಲುತ್ತದೆ. ಅಲಗಿಗೆ ತಾಗುವ ಜಾಗದಲ್ಲಿ ಸಣ್ಣ ಸೆರಾಮಿಕ್ ಗುಂಡು ಇದೆ, ಟೈಟಾನಿಯಂ ಸವೆಯಬಾರದು ಅಂತ. ತೆರೆಯುವಾಗ ಒಂದು ಮೆತ್ತನೆಯ ಬಿಗಿ ಇರುತ್ತದೆ, ಎಣ್ಣೆಯಲ್ಲಿ ಜಾರಿದ ಹಾಗೆ. ನಾಲ್ಕು ವರ್ಷವಾದರೂ ಅಲಗು ಕೂದಲೆಳೆಯಷ್ಟೂ ಅಲುಗಾಡುವುದಿಲ್ಲ.

ಅದರ ಬೆಲೆ ನನಗೆ ಅರ್ಥವಾದದ್ದು 2022ರ ಮೇ ತಿಂಗಳಲ್ಲಿ, ಶಿರಸಿ ಮನೆಯಲ್ಲಿ. ಹಲಸಿನ ಹಣ್ಣು ಒಡೆದಾಗ ಒಳಗಿನ ಗೂಂಜು ತೆಗೆಯಲು ಇದನ್ನೇ ಬಳಸಿದೆ. ಮೇಣ ಅಲಗಿಗೆ ಮೆತ್ತಿಕೊಂಡಿತು, ಮಡಚುವ ಬುಡದ ಒಳಗೂ ಇಳಿಯಿತು. ಬೇರೆ ಚಾಕುವಾದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಇದಕ್ಕೆ ಕಂಪನಿಯವರೇ ಬಿಚ್ಚುವ ಕೀಲಿ ಕೊಡುತ್ತಾರೆ, ನೀವೇ ಬಿಚ್ಚಿ ತೊಳೆಯಿರಿ ಅನ್ನುತ್ತಾರೆ. ಜಗುಲಿಯ ಮೇಲೆ ಪೇಪರ್ ಹಾಸಿ ಕೂತೆ. ಮೇಣಕ್ಕೆ ತೆಂಗಿನೆಣ್ಣೆ, ಆಮೇಲೆ ಪಾತ್ರೆ ತೊಳೆಯುವ ಸೋಪು, ಆಮೇಲೆ ಬಿಸಿಲು. ಕೂಡಿಸುವಾಗ ಸ್ಕ್ರೂ ಪೂರ್ತಿ ಬಿಗಿ ಮಾಡಿದರೂ ಅಲಗು ಸಲೀಸಾಗಿ ತಿರುಗುತ್ತದೆ, ಹಾಗೆ ಅಳತೆ ಮಾಡಿ ಕೊರೆದಿದ್ದಾರೆ. ಎಷ್ಟು ಬಿಗಿ ಮಾಡಬೇಕು ಅಂತ ಊಹೆ ಮಾಡುವ ಕೆಲಸವೇ ಇಲ್ಲ. ಕಾಲು ಗಂಟೆಯಲ್ಲಿ ಹೊಸದರ ಹಾಗೆ ಆಯಿತು.

ಹಾಗಾದರೆ ದಿನಾ ಇದನ್ನೇ ಯಾಕೆ ಒಯ್ಯುವುದಿಲ್ಲ? ಎರಡು ಕಾರಣ. ಅಲಗು ಸುಮಾರು 3 ಮಿಲಿಮೀಟರ್ ದಪ್ಪ, ತೂಕ 85 ಗ್ರಾಂ, ತೆಳು ಬಟ್ಟೆಯ ಪ್ಯಾಂಟಿನಲ್ಲಿ ಕಿಸೆ ಜೋಲುತ್ತದೆ. ಇನ್ನೊಂದು, ಎಸ್45ವಿಎನ್ ಒಳ್ಳೆಯ ಸ್ಟೇನ್‌ಲೆಸ್ ಉಕ್ಕೇ ಹೌದು, ಆದರೆ ಸಮುದ್ರಕ್ಕೆ ಅಂತ ಮಾಡಿದ್ದಲ್ಲ. ಮೀನು ಕೊಯ್ದು ಒರೆಸದೆ ರಾತ್ರಿಯಿಡೀ ಬಿಟ್ಟಾಗ ಬುಡದ ಹತ್ತಿರ ಸೂಜಿಮೊನೆಯಷ್ಟು ಎರಡು ಕಲೆ ಬಿದ್ದವು. ತಪ್ಪು ನನ್ನದೇ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಮಸೆಯುವ ವಿಷಯವನ್ನೂ ಹೇಳಬೇಕು. ಅಪ್ಪನ ಸಾಣೆಕಲ್ಲಿನ ಮೇಲೆ ಅರ್ಧ ಗಂಟೆ ತಿಕ್ಕಿದರೂ ಸೆಬೆಂಜಾಕ್ಕೆ ಸರಿಯಾದ ಬಾಯಿ ಬರಲಿಲ್ಲ. ಈ ಉಕ್ಕಿನೊಳಗಿನ ವನೇಡಿಯಂ ಕಣಗಳು ಮಾಮೂಲಿ ಕಲ್ಲಿಗಿಂತ ಗಟ್ಟಿ, ಡೈಮಂಡ್ ಹಲಗೆಯೇ ಬೇಕು. ಚಾಕುವಿನ ಜೊತೆಗೆ ಅದರ ಖರ್ಚನ್ನೂ ಲೆಕ್ಕ ಹಾಕಿಕೊಳ್ಳಿ.

ಮಿನಿ ಬಗೌಟ್ ಈಗ ಅಪ್ಪನ ಹತ್ತಿರ ಇದೆ. ಅಪ್ಪನದು ಎಡಗೈ. ನನ್ನ ಸೆಬೆಂಜಾ ಬಲಗೈಯವರದು, ಬೀಗ ಸರಿಸಲು ಅಪ್ಪನ ಹೆಬ್ಬೆರಳು ತಡಕಾಡುತ್ತಿತ್ತು. ಎಡಗೈಯವರಿಗೆ ಬೇರೆ ಮಾಡುತ್ತಾರೆ, ಅದು ನನಗೆ ತಡವಾಗಿ ಹೊಳೆಯಿತು. ಮಿನಿ ಬಗೌಟ್‌ನ ಬೀಗ ಎರಡೂ ಕಡೆಯಿಂದ ಎಳೆಯುವ ಸಣ್ಣ ಸರಳು, ಯಾವ ಕೈಯಾದರೂ ಒಂದೇ. 43 ಗ್ರಾಂ ತೂಕ, ತೆಳ್ಳಗಿನ ಅಲಗು. ಮೆಣಸಿನ ಬಳ್ಳಿ ಕಟ್ಟಿದ ದಾರ ಕೊಯ್ಯಲು, ಮಾವಿನಕಾಯಿ ಹೆಚ್ಚಲು ಮೂರರಲ್ಲಿ ಇದೇ ಚೆಂದ. ಎರಡು ದಿನ ಬಳಸಿ ನೋಡಿ ಅಪ್ಪ, "ತಮಾ, ಇದು ಚೊಲೊ ಇದ್ದು" ಅಂದರು. ಅಪ್ಪ ಸುಲಭಕ್ಕೆ ಹಾಗೆ ಹೇಳುವವರಲ್ಲ. ನಾನು ಅಲ್ಲೇ ಬಿಟ್ಟು ಬಂದೆ. ಹಸಿ ಅಡಿಕೆ ಸುಲಿಯಲು ಮಾತ್ರ ಮೆಟ್ಟುಗತ್ತಿಯೇ ಬೇಕು, ಅದರ ಕೆಲಸವನ್ನು ಯಾವ ಮಡಚು ಚಾಕುವೂ ಮಾಡುವುದಿಲ್ಲ.

ಎಣ್ಣೆ ಬಗ್ಗೆ ಒಂದು ಮಾತು. ತೆಂಗಿನೆಣ್ಣೆ ಮೇಣ ಬಿಡಿಸಲು ಮಾತ್ರ. ಬುಡದ ಒಳಗೆ ಬಿಟ್ಟರೆ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಧೂಳು ಹಿಡಿದು ಅಂಟುತ್ತದೆ. ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಸಾಕು. ಹಣ್ಣು ಕೊಯ್ಯುವ ಮೊದಲು ಅಲಗು ಒರೆಸಿಕೊಳ್ಳಿ.

ಕಾನೂನಿನ ಬಗ್ಗೆ ಸುಮ್ನೆ ಹೆದರುವವರಿದ್ದಾರೆ. ನಮ್ಮ ಶಸ್ತ್ರಾಸ್ತ್ರ ನಿಯಮದಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಇವು ಮೂರೂ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಗೋವಾಕ್ಕೆ ಹೋಗಿ ವಿಮಾನ ಹತ್ತುವವರು ಕಿಸೆ ನೋಡಿಕೊಳ್ಳಿ, ಕೈಚೀಲದಲ್ಲಿ ಬಿಡುವುದಿಲ್ಲ.

ಈಗ ಹೊಸದಾಗಿ ಕೊಳ್ಳುವವರಿಗೆ ದಾರಿ ಸ್ವಲ್ಪ ಸುಲಭವಾಗಿದೆ. ಎಚ್-1 ಜಾಗಕ್ಕೆ ಎಚ್-2 ಬಂದಿದೆ. ಲ್ಯಾರಿನ್ ಥಾಮಸ್ ಎಂಬ ಲೋಹತಜ್ಞ ರೂಪಿಸಿದ ಮ್ಯಾಗ್ನಾಕಟ್ ಉಕ್ಕು 2021ರಲ್ಲಿ ಬಂತು. ಅದರಲ್ಲಿ ಕ್ರೋಮಿಯಂ ಎಸ್30ವಿಗಿಂತ ಕಡಿಮೆ, ಆದರೆ ಇಂಗಾಲಕ್ಕೆ ಸಿಕ್ಕಿಹಾಕಿಕೊಳ್ಳದ ಹಾಗೆ ಬೆರೆಸಿರುವುದರಿಂದ ತುಕ್ಕು ತಡೆಯುವುದರಲ್ಲಿ ಮುಂದೆ, ಹರಿತವೂ ನಿಲ್ಲುತ್ತದೆ. ಸೆಬೆಂಜಾ 31 ಕೂಡ ಈಗ ಅದರಲ್ಲೇ ಸಿಗುತ್ತದೆ. ಕಾರವಾರ, ಹೊನ್ನಾವರ, ಭಟ್ಕಳದ ಕಡೆಯವರು ಒಂದೇ ಚಾಕು ಕೊಳ್ಳುವುದಾದರೆ ಈ ಎರಡು ಉಕ್ಕು ಬಿಟ್ಟು ಬೇರೆ ನೋಡಬೇಡಿ, ಒಳಗೆ ಮಾಮೂಲಿ ಉಕ್ಕಿನ ತಗಡು ಇಲ್ಲದ್ದನ್ನು ಆರಿಸಿ. ಘಟ್ಟದ ಮೇಲಿನವರಿಗೆ ಅಷ್ಟು ಚಿಂತೆ ಬೇಡ. ಮಳೆ ಅಲ್ಲೂ ಸುರಿಯುತ್ತದೆ, ಆದರೆ ಗಾಳಿಯಲ್ಲಿ ಉಪ್ಪಿಲ್ಲ.

ನಾನಂತೂ ಪ್ರತಿ ಮೇ ಕೊನೆಗೆ ಸೆಬೆಂಜಾವನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಶಿರಸಿ ಮನೆಯ ನಾಗಂದಿಗೆಯ ಮೇಲೆ ಇಟ್ಟು ಬರುತ್ತೇನೆ. ಡ್ರ್ಯಾಗನ್‌ಫ್ಲೈ ಕಿಸೆಯಲ್ಲಿ ಘಟ್ಟ ಇಳಿಯುತ್ತದೆ. ದಸರೆಗೆ ಊರಿಗೆ ಹೋದಾಗ ಸೆಬೆಂಜಾವನ್ನು ಮತ್ತೆ ಕೆಳಗೆ ತರುತ್ತೇನೆ.