ಮೀರತ್‌ನ ಹಿತ್ತಾಳೆ ಹಿಡಿ ಕತ್ತರಿ: ಭಾರ ಇದೆ, ಆದರೂ ಬಿಡಲ್ಲ

ನಾನು ದಾವಣಗೆರೆಯಲ್ಲಿ ಬ್ಲೌಸ್, ಚೂಡಿದಾರ ಹೊಲಿಯುತ್ತೇನೆ. ಹೊಲಿಗೆ ಮಿಷನ್ ಯಾವುದು ತಗೊಳ್ಳಲಿ ಅಂತ ಕೇಳಿದರೆ ಜನ ಗಂಟೆಗಟ್ಟಲೆ ಸಲಹೆ ಕೊಡುತ್ತಾರೆ. ಕತ್ತರಿ ಅಂದರೆ ಮಾತ್ರ ‘ಯಾವುದೋ ಒಂದು ತಗೊಳ್ಳಿ’ ಅನ್ನುತ್ತಾರೆ. ಮಿಷನ್ ಎಡವಟ್ಟು ಮಾಡಿದರೆ ಹೊಲಿಗೆ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿ ಎಡವಟ್ಟು ಮಾಡಿದರೆ ಗಿರಾಕಿಗೆ ರೇಷ್ಮೆ ಬಟ್ಟೆಯ ದುಡ್ಡು ಎಣಿಸಬೇಕು.

ಈಗ ನನ್ನ ಕಟ್ಟಿಂಗ್ ಟೇಬಲ್ ಮೇಲಿರುವುದು ಉತ್ತರ ಪ್ರದೇಶದ ಮೀರತ್‌ನಲ್ಲಿ ಮಾಡಿದ 10 ಇಂಚಿನ ಕತ್ತರಿ. ಹಿತ್ತಾಳೆ ಹಿಡಿ, ಉಕ್ಕಿನ ಅಲಗು, ನಡುವೆ ಒಂದು ದಪ್ಪ ಸ್ಕ್ರೂ. ಲೈನಿಂಗ್ ತರಲು ಬೆಂಗಳೂರಿನ ಚಿಕ್ಕಪೇಟೆಗೆ ಹೋದಾಗ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ತಂದದ್ದು. ಬೆಲೆ ಏಳುನೂರರ ಆಸುಪಾಸು. ಪೆಟ್ಟಿಗೆ ಇಲ್ಲ, ಗ್ಯಾರಂಟಿ ಚೀಟಿ ಇಲ್ಲ. ಎಣ್ಣೆ ಕಾಗದದಲ್ಲಿ ಸುತ್ತಿ ಕೊಟ್ಟರು, ಅಷ್ಟೇ.

ಮೊದಲು ಇದರ ಕಷ್ಟ ಹೇಳಿಬಿಡುತ್ತೇನೆ. ಭಾರ ಜಾಸ್ತಿ. ಹಗುರ ಕತ್ತರಿಯಿಂದ ಇದಕ್ಕೆ ಬಂದವರಿಗೆ ಶುರುವಿನಲ್ಲಿ ಮಣಿಕಟ್ಟು ನೋಯುತ್ತದೆ. ಹೆಬ್ಬೆರಳಿನ ಬಳೆಯ ಒಳಗಡೆ ಫೈಲಿಂಗ್ ಒರಟಾಗಿತ್ತು, ನಾನೇ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದೆ. ಅಲಗು ಸ್ಟೇನ್‌ಲೆಸ್ ಅಲ್ಲ. ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ಮುಟ್ಟಿ ಹಾಗೇ ಇಟ್ಟರೆ ಬೆಳಿಗ್ಗೆ ಕೆಂಪು ಚುಕ್ಕೆ. ಮಿಷನ್ ಎಣ್ಣೆಯ ಬಟ್ಟೆಯಿಂದ ಒರೆಸಿಡುವ ಅಭ್ಯಾಸ ಇಲ್ಲದವರು ಇದನ್ನು ಕೊಳ್ಳಲೇಬೇಡಿ.

ಆದರೆ ಟೇಬಲ್ ಮೇಲೆ ಇಟ್ಟು ಓಡಿಸಿದಾಗ ಆ ಭಾರವೇ ಕೆಲಸಕ್ಕೆ ಬರುತ್ತದೆ. ಟೈಲರ್ ಕತ್ತರಿಯ ಹಿಡಿ ಮೇಲಕ್ಕೆ ಬಾಗಿರುತ್ತದೆ, ಅಲ್ವಾ? ಕೆಳಗಿನ ಅಲಗು ಟೇಬಲ್‌ಗೆ ಅಂಟಿಕೊಂಡೇ ಸಾಗಲಿ, ಬಟ್ಟೆ ಮೇಲೆ ಏಳದಿರಲಿ ಅಂತ ಆ ಬಾಗು. ಭಾರ ಇದ್ದರೆ ಅಲಗು ತಾನೇ ಕೆಳಗೆ ಕೂರುತ್ತದೆ, ಕೈ ಬರೀ ಮುಂದೆ ತಳ್ಳಿದರೆ ಸಾಕು. ಗುಳೇದಗುಡ್ಡದ ಖಣ, ಅದರ ಕೆಳಗೆ ಅಸ್ತರ್, ಎರಡನ್ನೂ ಮಡಚಿ ನಾಲ್ಕು ಪದರ ಇಟ್ಟು ಕತ್ತರಿಸಿದರೂ ಚಾಕ್ ಗೆರೆ ಬಿಟ್ಟು ಆಚೀಚೆ ಹೋಗುವುದಿಲ್ಲ. ಜಾರ್ಜೆಟ್ ಮಾತ್ರ ಸ್ವಲ್ಪ ಜಾರುತ್ತದೆ. ಅದಕ್ಕೆ ಒಂದು ಅಲಗಿನಲ್ಲಿ ಸಣ್ಣ ಹಲ್ಲು ಕೊರೆದ ಕತ್ತರಿಯೇ ಒಳ್ಳೆಯದು.

ಇದನ್ನು ಮಾಡುವ ರೀತಿ ಕೇಳಿದರೆ ಬೆಲೆ ಕಡಿಮೆಯೇ ಅನಿಸುತ್ತದೆ. ಮೀರತ್‌ನಲ್ಲಿ ಕೈಂಚಿಯಾನ್ ಅಂತ ಒಂದು ಮೊಹಲ್ಲಾನೇ ಇದೆ. 350 ವರ್ಷಕ್ಕೂ ಹಳೆಯ ಕಸುಬು ಅಂತ ಅಲ್ಲಿಯವರು ಹೇಳುತ್ತಾರೆ. ಅಲಗಿನ ಉಕ್ಕು ಬರುವುದು ಗುಜರಿಯಿಂದ: ಹಳೆ ಲಾರಿ, ಬಸ್ಸು, ರೈಲಿನ ಭಾಗಗಳು. ಗುಜರಿ ಅಂದ ತಕ್ಷಣ ಮೂಗು ಮುರಿಯಬೇಡಿ. ಗಾಡಿಯ ಕಮಾನ್ ಪಟ್ಟಿಯಲ್ಲಿ ಕಾರ್ಬನ್ ಸಾಕಷ್ಟು ಇರುತ್ತದೆ. ಕಾಯಿಸಿ ಬಡಿದು, ಮತ್ತೆ ಕೆಂಪಗೆ ಕಾಯಿಸಿ ಅದ್ದಿದರೆ ಗಟ್ಟಿಯಾಗುತ್ತದೆ, ಹರಿತ ಹಿಡಿದು ನಿಲ್ಲುತ್ತದೆ. ಹಿಡಿಯ ಲೋಹವೂ ಹೊಸದಲ್ಲ. ಹಳೆ ಪಾತ್ರೆಗಳ ಲೋಹ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಬಡಿಯುವವರು ಒಬ್ಬರು, ಹಿಡಿ ಎರಕ ಹೊಯ್ಯುವವರು ಇನ್ನೊಬ್ಬರು, ಸಾಣೆ ಹಿಡಿಯುವವರು, ಪಾಲಿಶ್ ಮಾಡುವವರು, ಜೋಡಿಸುವವರು ಬೇರೆಬೇರೆ. 2013ರಲ್ಲಿ ಮೀರತ್ ಕತ್ತರಿಗೆ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಸಿಕ್ಕಿತು.

ಈ ಎಲ್ಲರಲ್ಲಿ ಕತ್ತರಿಯ ಹಣೆಬರಹ ಬರೆಯುವವನು ಜೋಡಿಸುವವನೇ. ಎರಡು ಹರಿತ ಅಲಗು ಸೇರಿಸಿಬಿಟ್ಟರೆ ಕತ್ತರಿ ಆಗುವುದಿಲ್ಲ. ಒಳ್ಳೆಯ ಕತ್ತರಿಯನ್ನು ಮುಚ್ಚಿ ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಅಲಗುಗಳ ನಡುವೆ ಸಣ್ಣ ಸಂದು ಕಾಣಬೇಕು. ತುದಿಯಲ್ಲಿ ಮತ್ತು ಸ್ಕ್ರೂ ಹತ್ತಿರ ಮಾತ್ರ ಒಂದಕ್ಕೊಂದು ತಾಗಿರಬೇಕು. ಅಲಗುಗಳನ್ನು ಬೇಕೆಂದೇ ಕೂದಲೆಳೆಯಷ್ಟು ಬಾಗಿಸಿರುತ್ತಾರೆ. ಹಾಗಿದ್ದಾಗಲೇ ಮುಚ್ಚುತ್ತಾ ಹೋದಂತೆ ಅವು ತಾಗುವ ಜಾಗ ಬುಡದಿಂದ ತುದಿಯವರೆಗೆ ಓಡುತ್ತದೆ, ಬಟ್ಟೆ ಆ ಒಂದೇ ಜಾಗದಲ್ಲಿ ಕತ್ತರಿಸಿಕೊಳ್ಳುತ್ತದೆ. ಬಾಗು ತಪ್ಪಿದರೆ ಬಟ್ಟೆ ನಡುವೆ ಮಡಚಿ ಸಿಕ್ಕಿಹಾಕಿಕೊಳ್ಳುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹೀಗೆ ಅಲಗು ಹೊಂದಿಸಿ ಜೋಡಿಸುವುದೇ ಒಂದು ಪ್ರತ್ಯೇಕ ಕಸುಬು, ಕಲಿಯಲು ವರ್ಷಗಟ್ಟಲೆ ಬೇಕು. ಅಲ್ಲಿ 1760ರ ವಿಲಿಯಂ ವೈಟ್ಲಿ, 1902ರ ಅರ್ನೆಸ್ಟ್ ರೈಟ್‌ನಂಥ ಬೆರಳೆಣಿಕೆಯ ಕಂಪನಿಗಳು ಈಗಲೂ ಕೈಯಲ್ಲೇ ಜೋಡಿಸುತ್ತವೆ. ಮೀರತ್‌ನಲ್ಲಿ ಅದೇ ಕೆಲಸ ಮಾಡುವವನಿಗೆ ಹೆಸರೂ ಇಲ್ಲ, ಅಂಥ ಬೆಲೆಯೂ ಇಲ್ಲ.

ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ತೆಳು ಅಸ್ತರ್‌ನ ಒಂದು ತುಂಡು ಕೇಳಿ, ಒಂದೇ ಪದರವನ್ನು ಬರೀ ತುದಿಯಿಂದ ಕತ್ತರಿಸಿ. ಬುಡದಲ್ಲಿ ಎಲ್ಲ ಕತ್ತರಿಯೂ ಚೆನ್ನಾಗಿಯೇ ಕತ್ತರಿಸುತ್ತದೆ, ಬಂಡವಾಳ ಬಯಲಾಗುವುದು ತುದಿಯಲ್ಲಿ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇದ್ದರೆ ಇನ್ನೂ ಒಳ್ಳೆಯದು. ಹಿತ್ತಾಳೆಗೆ ಅದು ಅಂಟುವುದಿಲ್ಲ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ‘ಅಸಲಿ ಹಿತ್ತಾಳೆ’ ಅಂತ ಹಾಕಿ ನನಗೆ ಕಳಿಸಿದ್ದು ಹಳದಿ ಬಣ್ಣ ಬಳಿದ ಕಬ್ಬಿಣದ ಹಿಡಿ. ವಾಪಸ್ ತಗೊಳ್ಳಲು ಒಂದು ತಿಂಗಳು ಆಟ ಆಡಿಸಿದ.

ಆಮೇಲೆ ಆ ಸ್ಕ್ರೂ. ನಾನು ಇದಕ್ಕೆ ಮಾರ್ಕ್ಸ್ ಕೊಡುವುದೇ ಅದಕ್ಕೆ. ಅಗ್ಗದ ಕತ್ತರಿಗಳಲ್ಲಿ ನಡುವೆ ರಿವೆಟ್ ಬಡಿದಿರುತ್ತಾರೆ. ಅದು ಸಡಿಲವಾದರೆ ಕತ್ತರಿ ಎಸೆಯುವುದೇ. ಇದರಲ್ಲಿ ಸ್ಕ್ರೂ ತಿರುಗಿಸಿ ಬಿಗಿ ಮಾಡಬಹುದು, ಪೂರ್ತಿ ಬಿಚ್ಚಿ ಎರಡು ಅಲಗನ್ನೂ ಬೇರೆಬೇರೆ ಸಾಣೆಗೆ ಕೊಡಬಹುದು. ಸಾಣೆಯವನಿಗೆ ಒಂದು ಮಾತು ಹೇಳಿಯೇ ಕೊಡಿ: ಹೊರಗಿನ ಇಳಿಜಾರನ್ನು ಮಾತ್ರ ಉಜ್ಜಬೇಕು, ಒಳಮೈಗೆ ಚಕ್ರ ತಾಗಿಸಬಾರದು. ನಮ್ಮ ಕಡೆ ಒಬ್ಬ ನನ್ನ ಹಳೆ ಕತ್ತರಿಯ ಒಳಮೈಯನ್ನೇ ಫಳಫಳ ಹೊಳೆಯುವ ಹಾಗೆ ಉಜ್ಜಿ ಕೊಟ್ಟಿದ್ದ. ನೋಡಲು ಹೊಸದರ ಹಾಗಿತ್ತು, ಬಟ್ಟೆ ಮಾತ್ರ ಅಗಿಯುತ್ತಿತ್ತು.

ಮೀರತ್ ಕತ್ತರಿಗೆ ‘ದಾದಾ ಲೇ, ಪೋತಾ ಬರ್ತೇ’ ಅಂತ ಹಿಂದಿಯಲ್ಲಿ ಹೊಗಳಿಕೆ ಇದೆ. ಅಜ್ಜ ಕೊಂಡರೆ ಮೊಮ್ಮಗ ಬಳಸುತ್ತಾನೆ ಅಂತ. ಮನೆಯಲ್ಲಿ ಹಬ್ಬಕ್ಕೊಮ್ಮೆ ಲಂಗ ಹೊಲಿಯುವವರ ವಿಷಯದಲ್ಲಿ ನಿಜ ಇರಬಹುದು. ದಿನಾ ಬಟ್ಟೆ ಕತ್ತರಿಸುವವರ ಹತ್ತಿರ ಅಲಗು ಸಾಣೆಗೆ ಸವೆದು ಸವೆದು ಸಣಕಲಾಗುತ್ತದೆ. ಮೊಮ್ಮಗನಿಗೆ ಹಿಡಿ ಸಿಗುತ್ತೆ, ಅಲಗು ಅನುಮಾನ.

ನನ್ನ ಜೊತೆ ಕೆಲಸ ಮಾಡುವ ಹುಡುಗಿ ಕಿತ್ತಳೆ ಹಿಡಿಯ ಫಿಸ್ಕಾರ್ಸ್ ಬಳಸುತ್ತಾಳೆ. ಅದನ್ನು ಬೈಯಲು ನನ್ನಿಂದಾಗುವುದಿಲ್ಲ. ಕಂಪನಿ ಫಿನ್‌ಲೆಂಡಿನದು, 1649ರಷ್ಟು ಹಳೆಯದು. ಪ್ಲಾಸ್ಟಿಕ್ ಹಿಡಿಯ ಈ ಕತ್ತರಿ ಬಂದದ್ದು 1967ರಲ್ಲಿ. ಜ್ಯೂಸರ್ ಮಾಡಿದ ಮೇಲೆ ಮಿಷನ್‌ನಲ್ಲಿ ಉಳಿದಿದ್ದ ಕಿತ್ತಳೆ ಪ್ಲಾಸ್ಟಿಕ್ಕಿನಿಂದ ಮಾದರಿ ಮಾಡಿದರಂತೆ, ಆ ಬಣ್ಣವೇ ಹೆಚ್ಚಿನವರಿಗೆ ಹಿಡಿಸಿತಂತೆ. ಕೈಗೆ ಹಗುರ, ಬೆರಳಿಗೆ ಮೆತ್ತಗೆ. ದಿನವಿಡೀ ಕಾಟನ್ ಕತ್ತರಿಸುವ ಕೆಲಸ ಇದ್ದರೆ ನಾನೂ ಅದನ್ನೇ ಹಿಡಿಯುತ್ತೇನೆ. ದಪ್ಪ ಪದರ, ಕ್ಯಾನ್ವಾಸ್, ಜರಿ ಅಂಚು ಬಂದಾಗ ಅವಳು ನನ್ನದನ್ನು ಕೇಳುತ್ತಾಳೆ.

ಯಾವ ಕತ್ತರಿ ತಂದರೂ ಮನೆಯವರ ಕೈಗೆ ಸಿಗದಂತೆ ಇಡಿ. ಕಾಗದದಲ್ಲಿ ಸುಣ್ಣದಕಲ್ಲು, ಜೇಡಿಯಂಥ ಪುಡಿ ಸೇರಿಸಿರುತ್ತಾರೆ, ಅದು ಅಲಗನ್ನು ಬೇಗ ಮೊಂಡು ಮಾಡುತ್ತದೆ. ಮಕ್ಕಳ ಪ್ರಾಜೆಕ್ಟಿಗೆ ಒಂದು ಸಣ್ಣ ಕತ್ತರಿ ಬೇರೆ ತಂದುಕೊಡಿ, ಜಗಳ ತಪ್ಪುತ್ತದೆ.

ಎಡಗೈಯವರಿಗೆ ಇದು ಬೇಡ. ಹಿಡಿ ಮಾತ್ರ ಬದಲಾದರೆ ಸಾಲದು, ಅಲಗುಗಳೇ ತಿರುವುಮುರುವು ಇರಬೇಕು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬೆರಳಿನ ಒತ್ತಡಕ್ಕೆ ಅಲಗುಗಳು ದೂರ ಸರಿಯುತ್ತವೆ, ಚಾಕ್ ಗೆರೆಯೂ ಮೇಲಿನ ಅಲಗಿನ ಹಿಂದೆ ಮರೆಯಾಗುತ್ತದೆ. ನಾನು ಹೋದ ಅಂಗಡಿಯಲ್ಲಿ ಎಡಗೈಯ ಹಿತ್ತಾಳೆ ಕತ್ತರಿ ಕೇಳಿದ್ದಕ್ಕೆ ನಕ್ಕರು. ಫಿಸ್ಕಾರ್ಸ್‌ನಲ್ಲಿ ಎಡಗೈಗೆಂದೇ ಮಾಡಿದ್ದು ಸಿಗುತ್ತದೆ. ದುಡ್ಡು ಜಾಸ್ತಿಯಾದರೂ ಎಡಗೈಯವರು ಅದನ್ನೇ ತರಿಸಿಕೊಳ್ಳಿ.