ಮಳೆಯಲ್ಲಿ ಸೈಕಲ್ ಬ್ರೇಕ್: ಯಾವುದು ಎಷ್ಟು ಬೇಗ ಹಿಡಿಯುತ್ತದೆ?

ಒಣ ರಸ್ತೆಯಲ್ಲಿ ಸುಸ್ಥಿತಿಯಲ್ಲಿರುವ ಬ್ರೇಕುಗಳ ನಡುವೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಅದು ಗೊತ್ತಾಗುವುದು ಮಳೆ ಹಿಡಿದಾಗ. ಆದ್ದರಿಂದ ಇಲ್ಲಿ ನಾನು ಬ್ರೇಕಿನ ಒಟ್ಟು ಬಲಕ್ಕಿಂತ ಹೆಚ್ಚಾಗಿ, ಲಿವರ್ ಒತ್ತಿದ ಮೇಲೆ ಚಕ್ರಕ್ಕೆ ಹಿಡಿತ ಸಿಗಲು ತಗಲುವ ಹೊತ್ತನ್ನು ತೂಗಿ ನೋಡಿದ್ದೇನೆ.

ಟೈರು ಕೂರುವ ಬಳೆಯನ್ನೇ (ರಿಮ್) ಅದುಮಿ ಹಿಡಿಯುವ ರಿಮ್ ಬ್ರೇಕ್ ಸೋಲುವುದು ಇಲ್ಲಿಯೇ. ರಿಮ್ ನೆಲಕ್ಕೆ ಹತ್ತಿರವಿರುವುದರಿಂದ ನೀರೂ ಕೆಸರೂ ಅದಕ್ಕೆ ಮೆತ್ತಿಕೊಳ್ಳುತ್ತವೆ. ರಬ್ಬರ್ ಪ್ಯಾಡುಗಳು ಮೊದಲು ಆ ನೀರಿನ ಪದರವನ್ನು ಒರೆಸಿ ತೆಗೆಯಬೇಕು, ಹಿಡಿತ ಆಮೇಲಿನದು. ಅಲ್ಯೂಮಿನಿಯಂ ರಿಮ್ ಆದರೆ ಒಂದೆರಡು ಸುತ್ತಿನಲ್ಲಿ ಒರೆಸಿಕೊಳ್ಳುತ್ತದೆ. ಆದರೆ ದೊಡ್ಡವರ ಸೈಕಲ್ಲಿನ ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಸಾಗುವುದರಿಂದ, ಅಡ್ಡ ಬಂದವರ ಎದುರು ಆ ಎರಡು ಸುತ್ತು ಸಣ್ಣ ಮಾತಲ್ಲ. ಕ್ರೋಮ್ ಲೇಪನದ ಉಕ್ಕಿನ ರಿಮ್ಮಿನ ಸ್ಥಿತಿ ಇನ್ನೂ ಕಷ್ಟ: ನೆನೆದರೆ, ಬ್ರೇಕ್ ಇದೆಯೋ ಇಲ್ಲವೋ ಎಂಬ ಅನುಮಾನವೇ ಬರುತ್ತದೆ. ನಿಲ್ಲಬೇಕಾದ ಜಾಗಕ್ಕೆ ಸಾಕಷ್ಟು ಮುಂಚೆಯೇ ಲಿವರನ್ನು ಹಗುರವಾಗಿ ಒತ್ತಿ ರಿಮ್ ಒರೆಸಿಕೊಳ್ಳುವುದು ಇದಕ್ಕೆ ಉಪಾಯ. ಪ್ಯಾಡಿನಲ್ಲಿ ಸಿಕ್ಕಿಕೊಂಡ ಮರಳು ರಿಮ್ಮನ್ನೇ ಸವೆಸುವುದರಿಂದ, ಮಳೆಯಲ್ಲಿ ಓಡಾಡಿದ ಮೇಲೆ ಪ್ಯಾಡುಗಳನ್ನು ಒಮ್ಮೆ ನೋಡಿ ಒರೆಸಿಡಬೇಕು.

ಡಿಸ್ಕ್ ಬ್ರೇಕಿನ ತಟ್ಟೆ ಚಕ್ರದ ನಡುವಿನ ಗುಂಬದ (ಹಬ್) ಬಳಿ, ನೆಲದಿಂದ ಎತ್ತರದಲ್ಲಿರುತ್ತದೆ. ಸಾಮಾನ್ಯವಾಗಿ 140ರಿಂದ 180 ಮಿಲಿಮೀಟರ್ ಅಗಲದ ಆ ಉಕ್ಕಿನ ತಟ್ಟೆಯನ್ನು ಪುಟ್ಟ ಪ್ಯಾಡುಗಳು ಬಹಳ ಬಲವಾಗಿ ಅದುಮುವುದರಿಂದ ನೀರಿನ ಪದರ ಬೇಗ ಕಿತ್ತುಹೋಗುತ್ತದೆ. ಮೊದಲೆರಡು ಸಲ ಅದು ಕಿರುಚುತ್ತದೆ, ಆದರೆ ಹಿಡಿಯುತ್ತದೆ. ಕೇಬಲ್ ಡಿಸ್ಕಿನಲ್ಲಿ ಕೇಬಲ್ ಹೊದಿಕೆಯೊಳಗೆ ನೀರಿಳಿದು ತುಕ್ಕು ಹಿಡಿದರೆ ಲಿವರ್ ಬಿಗಿಯಾಗುತ್ತದೆ, ಪ್ಯಾಡ್ ಸವೆದಂತೆ ಕೈಯಾರೆ ಹೊಂದಿಸಿಕೊಳ್ಳಲೂಬೇಕು. ಹೈಡ್ರಾಲಿಕ್ ಡಿಸ್ಕಿನಲ್ಲಿ ದ್ರವ ಮುಚ್ಚಿದ ಕೊಳವೆಯಲ್ಲಿರುವುದರಿಂದ ಈ ಎರಡೂ ರಗಳೆ ಇಲ್ಲ. ರೆಸಿನ್ (ರಾಳ) ಬೆರೆಸಿ ಮಾಡಿದ ಪ್ಯಾಡು ಕೆಸರಿನಲ್ಲಿ ಬೇಗ ಸವೆದುಹೋಗುತ್ತದೆ. ಲೋಹದ ಪುಡಿಯ ಪ್ಯಾಡು ಹೆಚ್ಚು ಸದ್ದು ಮಾಡಿದರೂ ಹೆಚ್ಚು ದಿನ ಬರುತ್ತದೆ. ಮಳೆಗಾಲಕ್ಕೆ ನನ್ನ ಆಯ್ಕೆ ಎರಡನೆಯದೇ.

ಡ್ರಮ್ ಬ್ರೇಕಿಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ. ಒಳಗಿನಿಂದ ಒತ್ತಿ ಹಿಡಿಯುವ ಅದರ ಭಾಗಗಳೆಲ್ಲವೂ ಹಬ್ಬಿನೊಳಗೆ ಅಡಗಿರುವುದರಿಂದ ಮಳೆಗೂ ಬಿಸಿಲಿಗೂ ಅದರ ನಡತೆ ಹೆಚ್ಚುಕಡಿಮೆ ಒಂದೇ. ಉದ್ದನೆಯ ಇಳಿಜಾರಿನಲ್ಲಿ ಕಾದು ಬಲ ಕಳೆದುಕೊಳ್ಳುವುದು ಅದರ ದೋಷ. ಸಮತಟ್ಟಾದ ರಸ್ತೆಯ ದಿನನಿತ್ಯದ ಓಡಾಟಕ್ಕೆ ಅದು ಧಾರಾಳವಾಗಿ ಸಾಕು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ ಬ್ರೇಕಿಗೂ ಮಳೆಯ ಭಯವಿಲ್ಲ, ಆದರೆ ಚೈನ್ ಕಳಚಿದರೆ ಅದು ಕೆಲಸಕ್ಕೇ ಬಾರದು. ಮುಂದಿನ ಚಕ್ರಕ್ಕೆ ಬೇರೊಂದು ಬ್ರೇಕ್ ಇಲ್ಲದಿದ್ದರೆ ಅಂಥ ಸೈಕಲ್ಲನ್ನು ನಾನು ಏರುವುದಿಲ್ಲ.